ಹೊಂಬಾಳೆ ಕಟ್ಟಿದ ಬೈಕು

ಕೊಬ್ಬರಿ ಮಂಡಿಯ ಗೇಟು ದಾಟಿದ ಕೂಡಲೇ ದಾಕ್ಷಾಯಣಿ ನೋಡಿದ್ದು ಯಜಮಾನರ ಮುಖವನ್ನಲ್ಲ, ಅಂಗಳದಲ್ಲಿ ನಿಂತಿದ್ದ ಗಾಡಿಗಳ ಮೂತಿಯನ್ನು.

ಲಾರಿ, ಟ್ರ್ಯಾಕ್ಟರ್, ಹಳೇ ಜೀಪು, ಆಳುಗಳ ಮೊಪೆಡ್ಡು. ಎಲ್ಲದರ ಹಣೆಗೂ ವಿಭೂತಿ ಪಟ್ಟೆ, ನಡುವೆ ಕುಂಕುಮ. ಅಮಾವಾಸ್ಯೆ ಪೂಜೆಯ ಗುರುತು. ಅದು ಯಾವ ಮನೆಯಲ್ಲಿಲ್ಲ? ಆದರೆ ಇಲ್ಲಿ ಪ್ರತಿಯೊಂದು ಗಾಡಿಗೂ ತೆಂಗಿನ ಹೊಂಬಾಳೆಯ ಎಳೆ ಕಟ್ಟಿತ್ತು. ಅರಿಶಿನದ ದಾರ ಸೇರಿಸಿ, ಪುಟ್ಟ ಹುಡುಗಿಯ ಜಡೆ ಹೆಣೆದ ಹಾಗೆ ಹೆಣೆದ ಎಳೆ. ಸೋಮವಾರ ಕಟ್ಟಿದ್ದು ಗುರುವಾರದ ಹೊತ್ತಿಗೆ ಬಾಡಿ ಕಂದಿತ್ತು. ಹೆಣಿಗೆ ಮಾತ್ರ ಸಡಿಲವಾಗಿರಲಿಲ್ಲ.

ಅಂಥದೇ ಇನ್ನೊಂದು ಜಡೆ ಅವಳ ಬ್ಯಾಗಿನಲ್ಲಿ, ಕರ್ಚೀಫಿನ ಮಡಿಕೆಯೊಳಗಿತ್ತು. ಕುಣಿಗಲ್ ದೊಡ್ಡಕೆರೆ ಏರಿಯ ಮೇಲೆ ಅನಾಥವಾಗಿ ಸಿಕ್ಕಿದ ಲಕ್ಷ್ಮೀಕಾಂತನ ಬೈಕಿನಿಂದ ಅವಳು ನಿನ್ನೆ ಬಿಚ್ಚಿಕೊಂಡದ್ದು.

"ಯಾರಮ್ಮ, ಯಾರ್ ಬೇಕಾಗಿತ್ತು?"

ಜಗಲಿಯ ಮೇಲೆ ಕೂತು ಕೇಳಿದವರು ಸದಾಶಿವಯ್ಯ. ಗುಬ್ಬಿ ಸುತ್ತಿನಲ್ಲಿ ಕೊಬ್ಬರಿ ಅಂದರೆ ಮೊದಲು ಬಾಯಿಗೆ ಬರುವ ಹೆಸರು. ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಲೊಟಲೊಟ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆಯಬಹುದು. ನೀರಾಡಿದ ಸದ್ದು ಬಂದರೆ ಮತ್ತೆ ಅಟ್ಟಕ್ಕೆ.

"ತುಮಕೂರಿಂದ ಬಂದೆ ಯಜಮಾನ್ರೇ, ಶೆಟ್ಟಿಹಳ್ಳಿ. ಮದುವೆ ವಿಚಾರಣೆ ಮಾಡ್ತೀನಿ."

"ಬ್ರೋಕರ್ರಾ?"

"ಬ್ರೋಕರ್ ಅಲ್ಲ. ಗಂಡು ಹೆಂಗೆ, ಮನೆ ಹೆಂಗೆ ಅಂತ ಗುಟ್ಟಾಗಿ ವಿಚಾರಿಸೋಕೆ ಹೆಣ್ಣಿನ ಕಡೆಯೋರು ಹೇಳ್ತಾರಲ್ಲ, ಅದು."

ಸದಾಶಿವಯ್ಯ ಕಾಯಿ ಕೆಳಗಿಟ್ಟು ನಕ್ಕರು. "ನಮ್ ಕಾಲದಲ್ಲಿ ಹುಡುಗಿ ಸೋದರಮಾವ ಬರೋನು. ಉಂಡು, ಕೊಟ್ಟಿಗೇಲಿ ಎಷ್ಟು ಎಮ್ಮೆ ಅವೆ ನೋಡ್ಕೊಂಡು ಹೋಗೋನು. ಈಗ ಪತ್ತೇದಾರ್ರು. ಗುಟ್ಟಾಗಿ ವಿಚಾರಿಸೋಳು ಗೇಟಲ್ಲೇ ಹೇಳ್ಕೊಂಡು ಬಂದ್ರೆ ಹೆಂಗಮ್ಮ? ಬಾ, ಕೂತ್ಕೋ. ನಮ್ ಬಸವರಾಜನ್ನ ವಿಚಾರಿಸೋಕೆ ಬಂದಿದೀಯ?"

"ಅವ್ರನ್ನೂ."

"ಅವ್ರನ್ನೂ ಅಂದ್ರೆ?"

ದಾಕ್ಷಾಯಣಿ ಜಗಲಿಯ ಅಂಚಿನಲ್ಲಿ ಕೂತಳು. ಹೊಸಬರ ಮುಂದೆ ಅವಳ ಮಾತು ಗಂಟಲಲ್ಲೇ ನಿಲ್ಲುತ್ತಿತ್ತು. ಬಾಯಿ ಸತ್ತವರಿಗೆ ದೇವರು ಕಣ್ಣು ಎರಡರಷ್ಟು ಕೊಡುತ್ತಾನೆ ಅಂತ ಅವಳಮ್ಮ ಹೇಳುತ್ತಿದ್ದಳು. ಆ ಕಣ್ಣನ್ನೇ ನಂಬಿ ಟೈಲರ್ ಅಂಗಡಿಯ ಮೇಲೊಂದು ಕೋಣೆ ಹಿಡಿದು, ಬೋರ್ಡೂ ಇಲ್ಲದೆ, ಬಾಯಿಂದ ಬಾಯಿಗೆ ಹೋದ ಹೆಸರಿನಲ್ಲೇ ಅವಳು ಬದುಕುತ್ತಿದ್ದಳು.

ಆ ಕಣ್ಣೇ ಅವಳಿಗೆ ಲಕ್ಷ್ಮೀಕಾಂತನನ್ನು ತೋರಿಸಿದ್ದು.

ಎರಡು ವರ್ಷದ ಹಿಂದೆ ಇಂಪನಾ ಎಂಬ ಹುಡುಗಿಯ ತಂದೆ ಬಂದು, ಗಂಡು ಸರ್ವೆಯರ್ ಅಂತೆ, ನಡತೆ ನೋಡಮ್ಮ ಎಂದಿದ್ದರು. ದಾಕ್ಷಾಯಣಿ ಅವನ ಹಿಂದೆ ತುಮಕೂರೆಲ್ಲ ಅಲೆದಳು. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಅವನು ದಿನವೂ ಅದೇ ಕಿಟಕಿ ಪಕ್ಕ ಕೂರುತ್ತಿದ್ದ. ಟೀ ಬಂದರೆ ಗ್ಲಾಸನ್ನು ಟೇಬಲ್ಲಿಗೆ ಟಕ್ ಟಕ್ ಎಂದು ಎರಡು ಸಲ ಕುಟ್ಟಿ, ಆಮೇಲೆ ತುಟಿಗೆ ಇಡುತ್ತಿದ್ದ. ಯಾಕೆ ಕುಟ್ಟುತ್ತಾನೆ ಅಂತ ಅವಳಿಗೆ ಕೊನೆಗೂ ತಿಳಿಯಲಿಲ್ಲ. ತಿಳಿಯದೆ ಹೋದದ್ದರಿಂದಲೇ ಅದು ನೆನಪಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಸಪ್ಲೈಯರ್ ಕಾಲು ನೋವು ಅಂದ ದಿನ ಅವನೇ ಎದ್ದು ಹೋಗಿ ಟೀ ತಂದುಕೊಂಡ. ಹಾದಿಯಲ್ಲಿ ಬಿದ್ದ ಗಡಿಕಲ್ಲು ಕಂಡರೆ ಬೈಕು ನಿಲ್ಲಿಸಿ ನೆಟ್ಟಗೆ ಮಾಡಿ ಹೋದ. ನೋಡುವವರು ಯಾರೂ ಇಲ್ಲದಾಗ ಮನುಷ್ಯ ಹೇಗಿರುತ್ತಾನೋ ಅದನ್ನು ನೋಡುವುದೇ ಅವಳ ಕಸುಬು. ಅಷ್ಟು ನೋಡಿದ ಮೇಲೆ ಅವಳು ಇಂಪನಾಳ ತಂದೆಗೆ ಹೇಳಿದ್ದು ಇಷ್ಟೇ: "ಒಳ್ಳೆ ಹುಡುಗ. ಧೈರ್ಯವಾಗಿ ಕೊಡಿ."

ಹೇಳಿ ಬಂದು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಿದ್ದಳು.

ಆ ಸಂಬಂಧ ಯಾಕೋ ಕೂಡಿ ಬರಲಿಲ್ಲ. ಬಾರದ್ದಕ್ಕೆ ಸಂತೋಷಪಟ್ಟಳೇ ಅಂದರೆ, ಅದೂ ಇಲ್ಲ. ತನ್ನದಲ್ಲದ್ದು ಇನ್ನೊಬ್ಬರದೂ ಆಗಲಿಲ್ಲ ಅಂದರೆ ತನ್ನದಾದ ಹಾಗಾಗುತ್ತದೆಯೇ?

"ಲೇ ಇವಳೇ, ಟೀ ತಗೊಂಬಾ. ಹೆಣ್ಣಿನ ಕಡೆಯೋರು ಬಂದವ್ರೆ," ಎಂದು ಸದಾಶಿವಯ್ಯ ಒಳಗೆ ಕೂಗಿದರು. "ಏನ್ ಕೇಳ್ಬೇಕೋ ಕೇಳಮ್ಮ. ಹುಡುಗ ಕುಡಿಯಲ್ಲ, ಸೇದಲ್ಲ. ಮಠಕ್ಕೆ ವರ್ಷಾ ವರ್ಷಾ ದಾಸೋಹಕ್ಕೆ ಕಾಯಿ ಕಳಿಸ್ತೀವಿ. ಈ ಸಲ ಜಿಲ್ಲಾ ಪಂಚಾಯ್ತಿಗೆ ನಿಲ್ತಾವನೆ. ನಾಳೆ ಗೆದ್ದ ಮೇಲೆ ಬಂದಿದ್ರೆ ನಿನ್ನನ್ನ ಗೇಟಲ್ಲೇ ತಡೀತಿದ್ರು."

"ಗೆಲ್ತಾರಾ?"

"ಗೆರೆ ಹಿಂಗೇ ನಿಂತ್ರೆ ಗೆಲ್ತಾನೆ."

ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ದಾಕ್ಷಾಯಣಿ ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡಳು.

ಆ ಗೆರೆಯ ಕತೆಯನ್ನು ಅವಳಿಗೆ ಹೇಳಿದ್ದು ಅದೇ ಇಂಪನಾ. ಮಂಗಳವಾರ ಸಂಜೆ ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದಿದ್ದಳು. ಈಗವಳು ತುಮಕೂರಿನಲ್ಲಿ ಲಾಯರು. ಕೈಗಡಿಯಾರದ ಮುಖವನ್ನು ಒಳಮಣಿಕಟ್ಟಿಗೆ ತಿರುಗಿಸಿ ಕಟ್ಟಿಕೊಂಡಿದ್ದಳು. ಮಾತಿಗೊಮ್ಮೆ ಅಂಗೈ ಮೇಲೆ ಮಾಡಿ ಟೈಮು ನೋಡುತ್ತಿದ್ದಳು, ಬೇಡುವವಳ ಹಾಗೆ.

"ಚುನಾವಣೆ ಕ್ಷೇತ್ರಗಳ ಗೆರೆ ಎಳೆಯೋಕೆ ಅಂತಲೇ ಈ ಸಲ ರಾಜ್ಯದಲ್ಲಿ ಬೇರೆ ಆಯೋಗ ಮಾಡಿದಾರೆ ದಾಕ್ಷಾಯಣಿ. ಎಲೆಕ್ಷನ್ನಿಗೆ ನಿಲ್ಲೋರೇ ಗೆರೆ ಎಳೆಸ್ಕೊಂಡ್ರೆ ನ್ಯಾಯ ಎಲ್ಲಿರುತ್ತೆ ಅಂತ ಜನ ಕೋರ್ಟಿಗೆ ಹೋದ್ಮೇಲೆ ಆಗಿದ್ದು. ಲಕ್ಷ್ಮೀಕಾಂತ್ ಆ ಆಯೋಗದ ಸರ್ವೆಯರ್. ಗುಬ್ಬಿ ಕಡೆ ಹೊಂಗೇನಹಳ್ಳಿ ಅಂತ ಇದೆ. ಊರು, ಅದರ ಪಕ್ಕ ಪಾಳ್ಯ. ಹಿಂದಿನ ಸಲ ಯಾರೋ ಎರಡನ್ನೂ ಕಡಿದು ಬೇರೆ ಬೇರೆ ಕ್ಷೇತ್ರಕ್ಕೆ ಹಾಕಿದ್ರು. ಇವರು ನಡ್ಕೊಂಡು ಹೋಗಿ ನೋಡಿ, ಎರಡನ್ನೂ ಒಂದೇ ಮಾಡಿ, ಹಳ್ಳದ ಗುಂಟ ಗೆರೆ ಎಳೆದುಕೊಟ್ರು. ಪ್ರಕಟ ಆದಾಗ ನೋಡಿದ್ರೆ ಗೆರೆ ಮತ್ತೆ ನಡುಬೀದಿಗೆ ಬಂದಿತ್ತು. ಮಧ್ಯದಲ್ಲಿ ಯಾರೋ ತಿದ್ದಿದಾರೆ. ಪಾಳ್ಯದೋರ ಪರವಾಗಿ ನಾನೇ ಅರ್ಜಿ ಹಾಕಿದೀನಿ, ಶುಕ್ರವಾರ ತುಮಕೂರಲ್ಲಿ ಆಯೋಗ ಆಕ್ಷೇಪಣೆ ಕೇಳುತ್ತೆ. ನಾನು ಎಳೆದ ಗೆರೆ ಇದಲ್ಲ ಅಂತ ಅವರು ಎದುರಿಗೆ ನಿಂತು ಹೇಳ್ಬೇಕು. ಸೋಮವಾರದಿಂದ ಅವರೇ ಕಾಣ್ತಿಲ್ಲ. ಹೇಳದಿದ್ರೆ ಇನ್ನೊಂದು ಗಣತಿ ಆಗೋವರೆಗೂ ಪಾಳ್ಯದೋರ ಓಟು ಹಳ್ಳಕ್ಕೆ ಸುರಿದ ಹಾಗೆ."

"ಪೊಲೀಸರು ಏನಂತಾರೆ?"

"ಕೆರೆ ಏರಿ ಮೇಲೆ ಬೈಕು, ಚಪ್ಪಲಿ. ಮನಸ್ಸಿಗೆ ಏನೋ ಬೇಜಾರಿತ್ತು ಅಂತಾರೆ. ನೀರಲ್ಲಿ ಹುಡುಕ್ತಾನೇ ಇದಾರೆ." ಇಂಪನಾ ಮತ್ತೆ ಅಂಗೈ ಮೇಲೆ ಮಾಡಿದಳು. "ನೀವು ಅವರನ್ನ ನೋಡಿದೀರಿ. ಅಪ್ಪ ಹೇಳ್ತಿದ್ರು, ಆ ಹುಡುಗಿ ನೋಡಿದ ಹಾಗೆ ಹೆತ್ತೋರೂ ನೋಡಲ್ಲ ಅಂತ. ದಿನಾ ಸಂಜೆ ನನಗೆ ಫೋನ್ ಮಾಡಿ, ಎಲ್ಲಿಗೆ ಬಂತು ಹೇಳ್ತಿರಿ."

ನೀರಲ್ಲಿ ಹುಡುಕುತ್ತಿದ್ದಾರೆ ಎಂಬ ಮಾತು ಆ ರಾತ್ರಿಯೆಲ್ಲ ದಾಕ್ಷಾಯಣಿಯ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಬುಧವಾರ ಕುಣಿಗಲ್ ಠಾಣೆಯ ಅಂಗಳದಲ್ಲಿ ಬೈಕು ಕಂಡ ಮೇಲೆ ಆ ಕಲ್ಲು ಸ್ವಲ್ಪ ಅಲುಗಿತು. ಹಣೆಗೆ ವಿಭೂತಿ, ಕುಂಕುಮ. ಚಕ್ರಕ್ಕೆ ಅಂಟಿದ ನಿಂಬೆಹಣ್ಣಿನ ಸಿಪ್ಪೆ. ಹ್ಯಾಂಡಲ್ಲಿಗೆ ಹೊಂಬಾಳೆಯ ಜಡೆ.

ಅವಳು ಹಿಂದೆ ಅಲೆದ ದಿನಗಳಲ್ಲಿ ಒಂದು ಅಮಾವಾಸ್ಯೆ ಬಂದಿತ್ತು. ಆಫೀಸಿನವರೆಲ್ಲ ಗಾಡಿಗೆ ನಿಂಬೆಹಣ್ಣು ಕಟ್ಟುತ್ತಿದ್ದರೆ ಲಕ್ಷ್ಮೀಕಾಂತ, "ನನ್ ಗಾಡಿಗೆ ಪೆಟ್ರೋಲ್ ನೈವೇದ್ಯ ಸಾಕು ಕಣ್ರಪ್ಪಾ," ಎಂದು ಹೊರಟುಹೋಗಿದ್ದ. ಇದು ಅವನು ಮಾಡಿದ ಪೂಜೆಯಲ್ಲ. ಸಾಯಲು ಹೋಗುವವನ ಗಾಡಿಗೆ ಬೇರೆಯವರು ಪೂಜೆ ಮಾಡಿ ಕಳಿಸುವುದೂ ಇಲ್ಲ. ಅಂದರೆ ಸೋಮವಾರ ಆ ಬೈಕು ಯಾರದೋ ಅಂಗಳದಲ್ಲಿ ನಿಂತಿತ್ತು.

ತೆಂಗಿನವರು ಹೊಂಬಾಳೆ ಮುರಿಯುವುದಿಲ್ಲ. ಮುರಿದರೆ ಒಂದು ಗೊನೆ ಕಾಯಿ ಹೋಯಿತು. ಹಾಗೆ ಮುರಿದು ಗಾಡಿಗೆ ಕಟ್ಟುವವರು ಯಾರು ಅಂತ ಅವಳು ತುಮಕೂರು ಮಾರ್ಕೆಟ್ಟಿನ ಹೂವಿನವಳನ್ನು ಕೇಳಿದಳು. "ಗುಬ್ಬಿ ಸದಾಶಿವಯ್ಯನೋರ ಲಾರಿ ಹಂಗೆ ಬರೋದು ಕಣಕ್ಕಾ, ಅಮಾವಾಸ್ಯೆ ಆದ ಬೆಳಿಗ್ಗೆ," ಎಂದಳು ಅವಳು, ಹೂವಿನಿಂದ ತಲೆ ಎತ್ತದೆ.

ಅದನ್ನೂ ದಾಕ್ಷಾಯಣಿ ನಿನ್ನೆ ಸಂಜೆ ಇಂಪನಾಳಿಗೆ ಫೋನಿನಲ್ಲಿ ಹೇಳಿದ್ದಳು.

ಒಳಗಿನಿಂದ ಟೀ ಬಂತು. ತಂದವರು ಸದಾಶಿವಯ್ಯನವರ ಹೆಂಡತಿ ಬಸವಲಿಂಗಮ್ಮ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಬೆರಳ ತುದಿಯಲ್ಲಿ ಅರಿಶಿನ ಕೂತು ಹಳೆಯದಾಗಿತ್ತು. ದಾಕ್ಷಾಯಣಿ ಆ ಬೆರಳುಗಳನ್ನು ನೋಡುತ್ತಾ ಟೀ ತೆಗೆದುಕೊಂಡಳು.

ಬಸವಲಿಂಗಮ್ಮ ತಟ್ಟೆ ಹಿಡಿದುಕೊಂಡು ಹಾಗೇ ನಿಂತರು. ಅವರ ಕಣ್ಣು ದಾಕ್ಷಾಯಣಿಯ ಕೈ ಮೇಲೆ ನೆಟ್ಟಿತ್ತು.

"ಎಡಗೈಲಿ ಕುಡೀತೀಯಲ್ಲ ಮಗ," ಎಂದರು ಮೆಲ್ಲಗೆ.

"ಅಭ್ಯಾಸ ಅಮ್ಮ. ಚಿಕ್ಕೋಳಿದ್ದಾಗ ಬೈಸ್ಕೊಂಡು ಬೈಸ್ಕೊಂಡು ಸಾಕಾಯ್ತು."

"ಹೋಗ್ಲಿ ಬುಡೇ, ಯಾವ ಕೈಲಿ ಕುಡಿದ್ರೇನು," ಎಂದರು ಸದಾಶಿವಯ್ಯ. "ಒಳಗೋಗು."

ಬಸವಲಿಂಗಮ್ಮ ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಅವರ ಮುಖದ ಬಣ್ಣ ಇಳಿದಿತ್ತು.

ದಾಕ್ಷಾಯಣಿ ಗ್ಲಾಸು ಪಕ್ಕಕ್ಕಿಟ್ಟು, ಬ್ಯಾಗಿನಿಂದ ಕರ್ಚೀಫು ತೆಗೆದು ಜಗಲಿಯ ಮೇಲೆ ಬಿಚ್ಚಿದಳು. ಬಾಡಿದ ಹೊಂಬಾಳೆಯ ಜಡೆ ಕೊಬ್ಬರಿ ಕಾಯಿಗಳ ಪಕ್ಕ ಮಲಗಿತು.

"ಇದು ನಿಮ್ಮನೇದಾ ಯಜಮಾನ್ರೇ?"

ಸದಾಶಿವಯ್ಯ ನೋಡಿದರು. ನೋಡಿ, ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. "ಹೊಂಬಾಳೆಗೆ ಹೆಸರು ಬರ್ದಿರುತ್ತಾ? ಎಲ್ಲಾರ ತೋಟದಲ್ಲೂ ಬಿಡುತ್ತೆ."

"ಬಿಡುತ್ತೆ. ಮುರಿಯೋರು ಯಾರು?"

"ನಂ ಬಾವಿ ಪಕ್ಕದ ಮರ ದೇವರಿಗೆ ಬಿಟ್ಟಿದ್ದು. ಅದರದ್ದು ಮುರೀತಾಳೆ ಇವಳು. ಬೇರೆಯೋರೂ ಮುರಿದಿರ್ತಾರೆ."

"ಈ ಜಡೆ?"

ಅಂಗಳದಲ್ಲಿ ಲಾರಿಯ ಮೂತಿಯಿಂದ ಹಿಡಿದು ಮೊಪೆಡ್ಡಿನವರೆಗೆ ಅದೇ ಜಡೆ ತೂಗುತ್ತಿದ್ದಾಗ ಹೇಳುವುದಾದರೂ ಏನು.

"ಇದು ಕುಣಿಗಲ್ ಕೆರೆ ಏರಿ ಮೇಲೆ ಸಿಕ್ಕಿದ ಬೈಕಲ್ಲಿತ್ತು," ಎಂದಳು ದಾಕ್ಷಾಯಣಿ. ಅವಳ ದನಿ ಏರಲಿಲ್ಲ. "ಸರ್ವೆಯರ್ ಲಕ್ಷ್ಮೀಕಾಂತ್ ಅವರದು. ಅಮಾವಾಸ್ಯೆ ದಿನ ಅದು ಇಲ್ಲಿ ನಿಂತಿತ್ತು."

"ಯಾವ ಸರ್ವೆಯರು? ನಂಗೊತ್ತಿಲ್ಲಮ್ಮ. ಗಂಡು ನೋಡೋಕೆ ಬಂದೋಳು ಗಂಡು ನೋಡ್ಕೊಂಡು ಹೋಗು."

"ಅದಕ್ಕೂ ನಾನೇ ಕಟ್ಟಿದ್ದು."

ಬಾಗಿಲಿನಿಂದ ಬಂದ ದನಿ. ಸದಾಶಿವಯ್ಯ ತಿರುಗಿ ನೋಡಿದರು. ಬಸವಲಿಂಗಮ್ಮ ನೆಲ ನೋಡುತ್ತಾ ಹೇಳಿದರು, "ಅಂಗಳದಲ್ಲಿ ನಿಂತ ಗಾಡಿ ಯಾವುದನ್ನೂ ಬಿಟ್ಟು ಪೂಜೆ ಮಾಡ್ಬಾರ್ದು ಅಂತ ನಮ್ಮತ್ತೆ ಹೇಳ್ಕೊಟ್ಟಿದ್ದು. ನೆಂಟ್ರದ್ದಾದ್ರೂ ಸರಿ, ಹಾಲಿನೋನ ಸೈಕಲ್ ಆದ್ರೂ ಸರಿ. ಹುಲ್ಲಿನ ಮೆದೆ ಹಿಂದೆ ಟಾರ್ಪಾಲ್ ಹೊದಿಸಿ ನಿಲ್ಲಿಸಿದ್ರು. ಟಾರ್ಪಾಲ್ ಎತ್ತಿ ಕಟ್ಟಿದೆ. ಬಿಟ್ರೆ ಮನೆಗೆ ಒಳ್ಳೇದಾಗಲ್ವಲ್ಲ."

"ಅಯ್ಯೋ ನಿನ್ನ," ಎಂದರು ಸದಾಶಿವಯ್ಯ. ಬಯ್ಯುವ ಮಾತು ಮುಂದಕ್ಕೆ ಬರಲಿಲ್ಲ. ಅಷ್ಟು ವರ್ಷ ಒಟ್ಟಿಗೆ ಬದುಕಿದ ಮೇಲೆ ಹೆಂಡತಿಯ ಪೂಜೆಯನ್ನು ಬಯ್ಯಲು ಯಾವ ಗಂಡಸಿಗೂ ಬಾಯಿ ಬರುವುದಿಲ್ಲ. ಅವರು ಕೈಲಿದ್ದ ಕಾಯಿಯನ್ನು ಮಡಿಲಿಗೆ ಇಟ್ಟುಕೊಂಡರು.

"ಬದುಕಿದಾರಾ?" ದಾಕ್ಷಾಯಣಿ ಕೇಳಿದಳು. ಈ ಒಂದು ಮಾತಿಗೆ ಅವಳು ಬಸ್ಸು ಹತ್ತಿದಾಗಿನಿಂದ ಉಸಿರು ಕೂಡಿಟ್ಟುಕೊಂಡಿದ್ದಳು.

"ಏನ್ ಕೊಲೆಗಾರ್ರು ಅಂದ್ಕೊಂಡಿದೀಯ ನಮ್ಮನ್ನ? ಮೈ ಮುಟ್ಟಿಲ್ಲ ಯಾರೂ. ಮೂರು ಹೊತ್ತೂ ಬಿಸಿ ಬಿಸಿ ಮುದ್ದೆ." ಸದಾಶಿವಯ್ಯನವರ ದನಿ ಒರಟಾಯಿತು, ಆಮೇಲೆ ಕುಸಿಯಿತು. "ಬಸವರಾಜ ಮಾತಾಡೋಣ ಬನ್ನಿ ಅಂತ ಕರ್ದಿದ್ದ. ಆ ಹುಡುಗ ಬಗ್ಗಲಿಲ್ಲ. ಶುಕ್ರವಾರ ಕಳೀಲಿ, ಶನಿವಾರ ನಾವೇ ಮನೆಗೆ ಬಿಟ್ಟು ಬರೋಣ ಅಂತ ಅಟ್ಟದಲ್ಲಿ ಇಟ್ವಿ. ಬೈಕನ್ನ ಕೆರೆಗೆ ಒಯ್ದು ನಿಲ್ಲಿಸಿದ್ದು ಬಸವರಾಜನ ತಲೆಹರಟೆ. ನನಗೆ ಆಮೇಲೆ ಗೊತ್ತಾಗಿದ್ದು."

"ನೀರಲ್ಲಿ ಜನ ಹುಡುಕ್ತಿದಾರೆ ಯಜಮಾನ್ರೇ."

"ಗೊತ್ತು."

"ಪಾಳ್ಯದೋರು ನಿಮಗೇನು ಮಾಡಿದ್ರು?"

ಸದಾಶಿವಯ್ಯ ಗೇಟಿನಾಚೆ ಎಲ್ಲೋ ನೋಡಿದರು. "ನಾನೂ ಒಂದ್ಸಲ ನಿಂತಿದ್ದೆ. ಆಗ ಊರು, ಪಾಳ್ಯ ಒಂದೇ ಕ್ಷೇತ್ರ. ನನ್ ತೋಟದಲ್ಲೇ ಕಾಯಿ ಸುಲಿಯೋರು ಅವರೆಲ್ಲ. ನಮ್ಮ ಮನೇಲಿ ಉಂಡು ಹೋಗಿ ಇನ್ನೊಬ್ಬನಿಗೆ ಒತ್ತಿ ಬಂದ್ರು. ಸೋತೆ. ಅವತ್ತು ಇದೇ ಜಗಲಿ ಮೇಲೆ ಕೂತಿದ್ದೆ. ಹಾರ ತಂದಿಟ್ಟಿದ್ರು, ಹಾಕೋಕೆ ಒಬ್ರೂ ಬರ್ಲಿಲ್ಲ. ಆ ಹಾರ ಇಲ್ಲೇ ಒಣಗ್ತು. ನನ್ ಮಗನ ಕೊರಳಲ್ಲಾದ್ರೂ ಒಂದು ಹಾರ ನೋಡ್ಬೇಕು ಅಂತ ಆಸೆ ಕಣಮ್ಮ. ಬೇರೇನೂ ಇಲ್ಲ."

"ಉಂಡಿದ್ದಕ್ಕೂ ಓಟಿಗೂ ಏನ್ ಸಂಬಂಧ? ಕೂಲಿ ಮಾಡಿದ್ರು, ಉಂಡ್ರು."

"ಹಂಗೇ ಅಂದ ಅವ್ನೂ." ಮುದುಕರು ಒಂದು ಕ್ಷಣ ನಕ್ಕಹಾಗೆ ಮಾಡಿದರು. "ಅಟ್ಟದ ಮೇಲೆ ಕೂತ್ಕೊಂಡು ನಂಗೇ ಪಾಠ. ಗೆದ್ದೋನಿಗೆ ಬೇಕಾದ ಹಾಗೆ ಊರು ಕಡಿಯೋದಾದ್ರೆ ಆಯೋಗ ಯಾಕೆ ಬೇಕಿತ್ತು ಅಂತಾನೆ. ಹಳ್ಳ ನೋಡಿ, ಸ್ಮಶಾನ ನೋಡಿ, ಜನ ನೀರಿಗೆ ಎಲ್ಲಿಗೆ ಹೋಗ್ತಾರೆ ನೋಡಿ ಗೆರೆ ಎಳೀಬೇಕಂತೆ."

ದಾಕ್ಷಾಯಣಿ ಎದ್ದು ನಿಂತಳು. "ಅವರನ್ನ ಕೆಳಗೆ ಕರೀರಿ."

ಸದಾಶಿವಯ್ಯ ಮೊಣಕಾಲು ಹಿಡಿದು ಎದ್ದರು. ಹೊರೆ ಇಳಿಸಿದವರ ಹಾಗೆ ಒಮ್ಮೆ ಉಸಿರು ಬಿಟ್ಟು, ಸೊಂಟದ ಬೀಗದ ಕೈ ಸಡಿಲಿಸಿಕೊಂಡು ಒಳಗೆ ನಡೆದರು. ಅಡುಗೆಮನೆ ದಾಟಿದರೆ ಏಣಿ. ಏಣಿಯ ತುದಿಯಲ್ಲಿ ಮರದ ಕದ.

ಕದಕ್ಕೆ ಬೀಗವಿರಲಿಲ್ಲ.

ಸದಾಶಿವಯ್ಯ ಕೈಲಿದ್ದ ಬೀಗದ ಕೈಯನ್ನೂ ಬರೀ ಚಿಲಕವನ್ನೂ ನೋಡಿದರು. ದಾಕ್ಷಾಯಣಿ ಅವರನ್ನು ದಾಟಿಕೊಂಡು ಏಣಿ ಹತ್ತಿ ಕದ ತಳ್ಳಿದಳು.

ಒಲೆಯ ಹೊಗೆ ಕುಡಿದ ಕಾಯಿಗಳ ವಾಸನೆ. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು. ರಾಶಿ ರಾಶಿ ಕಾಯಿಗಳ ನಡುವೆ ಒಂದು ಚಾಪೆ, ಮಡಿಸಿಟ್ಟ ಕಂಬಳಿ, ತೊಳೆದು ಬೋರಲು ಹಾಕಿದ ತಟ್ಟೆ. ಮನುಷ್ಯ ಇರಲಿಲ್ಲ.

ಚಾಪೆಯ ಪಕ್ಕ ನೆಲದ ಮೇಲೆ ಸಣ್ಣ ಕಾಯಿಗಳನ್ನು ಸಾಲಾಗಿ ಜೋಡಿಸಿತ್ತು. ನೋಡನೋಡುತ್ತಾ ಅವಳಿಗೆ ಅರ್ಥವಾಯಿತು. ಎರಡು ಗುಂಪು ಕಾಯಿ, ಒಂದು ದೊಡ್ಡದು, ಒಂದು ಚಿಕ್ಕದು. ಊರು ಮತ್ತು ಪಾಳ್ಯ. ಆ ಎರಡನ್ನೂ ಬಳಸಿ, ಡೊಂಕುಡೊಂಕಾಗಿ, ಹಳ್ಳ ಹರಿದ ಹಾಗೆ ಒಂದು ಗೆರೆ. ಗೆರೆಯಲ್ಲಿ ಎಲ್ಲಿಯೂ ಬಿರುಕಿರಲಿಲ್ಲ.

ಅವಳು ಬಗ್ಗಿ ಒಂದು ಕಾಯಿಯನ್ನು ಬೆರಳ ತುದಿಯಿಂದ ಮುಟ್ಟಿದಳು. ಎತ್ತಲಿಲ್ಲ. ಎತ್ತಿದರೆ ಗೆರೆ ಕಡಿಯುತ್ತಿತ್ತು. ಎರಡು ವರ್ಷದ ಹಿಂದೆ ತಾನು ದೂರದಿಂದಲೇ ನೋಡಿದ್ದವನು ಇಷ್ಟು ಹತ್ತಿರದಲ್ಲಿ ಮಲಗಿ ಎದ್ದು ಹೋಗಿದ್ದಾನೆ. ಕಂಬಳಿಯ ಮಡಿಕೆ ಕೂಡ ಅವನದೇ ಅನ್ನಿಸಿತು. ಅವನು ಹೋಟೆಲಿನ ಪೇಪರನ್ನೂ ಓದಿದ ಮೇಲೆ ಹೀಗೇ, ಅಂಚಿಗೆ ಅಂಚು ಕೂಡಿಸಿ ಮಡಿಸಿಡುತ್ತಿದ್ದ.

"ಎಲ್ಲಿ ಅವ್ನು?" ಕೆಳಗೆ ಸದಾಶಿವಯ್ಯನವರ ದನಿ ನಡುಗಿತು. "ಏನೇ, ಎಲ್ಲಿ ಅವ್ನು? ಬಸವರಾಜ ಏನಾದ್ರೂ..."

"ಬಸವರಾಜ ಅಲ್ಲ." ಬಸವಲಿಂಗಮ್ಮ ಏಣಿಯ ಬುಡದಲ್ಲಿ ನಿಂತಿದ್ದರು. "ನಾನು. ಬೆಳಿಗ್ಗೆ ನೀವು ಮಾರ್ಕೆಟ್ಟಿಗೆ ಹೋದಾಗ, ಊಟ ಕೊಡೋಕೆ ಅಂತ ನನ್ ಹತ್ರ ಇದ್ದ ಇನ್ನೊಂದು ಕೈಲಿ ಬೀಗ ತೆಗೆದು ಕಳಿಸ್ಬಿಟ್ಟೆ."

"ಒಬ್ರನ್ನೇನಾ?" ದಾಕ್ಷಾಯಣಿ ಮೇಲಿನಿಂದ ಕೇಳಿದಳು.

ಬಸವಲಿಂಗಮ್ಮ ತಲೆ ಎತ್ತಿ ಅವಳನ್ನು ನೋಡಿದರು. ಕಣ್ಣಲ್ಲಿ ನೀರಿತ್ತು.

"ಕೆಳಗೆ ಬಾ ಮಗ. ಹೇಳ್ತೀನಿ."

ದಾಕ್ಷಾಯಣಿ ಇಳಿದಳು. ಮುದುಕಿ ಅವಳ ಎಡಗೈ ಹಿಡಿದುಕೊಂಡರು.

"ಸೋಮವಾರ ಬಸವರಾಜ ಬೈಕಿಂದ ಆ ಹೊಂಬಾಳೆ ಕೀಳೋಕೆ ಹೋದ. ದೇವರ ಮರದ್ದು, ಕೀಳ್ಬೇಡ ಅಂತ ಅವನ ಜೊತೆ ಜಗಳ ಆಡಿದೆ. ರಾತ್ರಿ ಊಟ ಕೊಡೋವಾಗ ಆ ಹುಡುಗನ ಹತ್ರ ಹೇಳ್ಕೊಂಡು ಅತ್ತೆ. ನಕ್ಕ. ಅಮ್ಮ, ಅದನ್ನ ಯಾರೂ ಗಮನಿಸಲ್ಲ, ಗಮನಿಸೋಳು ಒಬ್ಳೇ ಇದಾಳೆ ಅಂದ. ದಾಕ್ಷಾಯಣಿ ಅಂತ. ಅವಳೇನಾದ್ರೂ ಆ ಬೈಕು ನೋಡಿದ್ರೆ ಹೊಂಬಾಳೆ ಹಿಡ್ಕೊಂಡ್ ಬಂದು ನಿಮ್ಮ ಬಾಗ್ಲಲ್ಲಿ ನಿಲ್ತಾಳೆ, ಬಂದ್ರೆ ಕದ ತೆಗೀರಿ ಅಂದ."

ದಾಕ್ಷಾಯಣಿ ಗೋಡೆಗೆ ಕೈ ಕೊಟ್ಟಳು.

"ಅವರಿಗೆ ನಾನು... ಅವರು ನನ್ನ ನೋಡೇ ಇಲ್ಲ ಅಮ್ಮ."

"ನೋಡಿದಾನೆ ಮಗ. ನನ್ ಹಿಂದೆ ಊರೆಲ್ಲ ಅಲೆದ್ಲು, ನನಗೆ ಕಾಣ್ಲಿಲ್ಲ ಅಂದ್ಕೊಂಡಿದಾಳೆ ಅಂದ. ಹೋಟ್ಲಲ್ಲಿ ಮೂಲೆ ಟೇಬಲ್ಲಲ್ಲಿ ಕೂರೋಳು, ಎಡಗೈಲಿ ಟೀ ಕುಡಿಯೋಳು, ಹೆಸರು ಹೋಟ್ಲೋರನ್ನ ಕೇಳಿ ತಿಳ್ಕೊಂಡೆ ಅಂದ. ಆಮೇಲೆ ಬರ್ಲೇ ಇಲ್ಲ, ನಾನು ಅದೇ ಹೋಟ್ಲಿಗೆ ಹೋಗೋದು ಬಿಟ್ಟಿಲ್ಲ ಅಂದ."

ಹೋಟೆಲಿನ ಮುಂದೆ ಎಷ್ಟು ಸಲ ಹಾದುಹೋಗಿದ್ದಳು ಅವಳು. ಒಳಗೆ ಹೋಗಲು ಇನ್ನು ನೆಪವಿಲ್ಲ ಅಂತ ಎಷ್ಟು ಸಲ ತಲೆ ತಗ್ಗಿಸಿಕೊಂಡು ಮುಂದೆ ನಡೆದಿದ್ದಳು.

"ಆಮೇಲೆ?" ಎಂದಳು.

"ಬೆಳಿಗ್ಗೆ ಒಬ್ಳು ಹುಡುಗಿ ಕಾರಲ್ಲಿ ಬಂದ್ಲು. ದಾಕ್ಷಾಯಣಿನಾ ಅಂದೆ, ನಾನೇ ಅಂದ್ಲು. ಹೊಂಬಾಳೆ ನೋಡ್ಕೊಂಡು ಬಂದೆ ಅಂದ್ಲು. ಇನ್ನೇನು ಬೇಕು ನನಗೆ? ನನ್ ಹೊಟ್ಟೇಲಿ ಹುಟ್ಟಿದೋನು ಮಾಡಿದ ಪಾಪ ಇಳೀಲಿ ಅಂತ ಓಡಿ ಹೋಗಿ ಬೀಗ ತೆಗ್ದೆ." ಬಸವಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಹೊತ್ತಾಯ್ತು ಹೊತ್ತಾಯ್ತು ಅಂತಿದ್ಲು. ನಿಂತ ಕಾಲಲ್ಲೇ ಕರ್ಕೊಂಡು ಹೋದ್ಲು. ನಾನು ಅವಳಿಗೆ ಟೀ ಕೊಡಲೇ ಇಲ್ಲ ಮಗ. ಕೊಟ್ಟಿದ್ರೆ ಅಲ್ಲೇ ಗೊತ್ತಾಗ್ತಿತ್ತು."

"ನೋಡೋಕೆ ಹೆಂಗಿದ್ಲು?"

"ಎತ್ತರಕ್ಕಿದ್ಲು. ಓದಿದೋಳ ಥರ. ಗಡಿಯಾರನ ಒಳಮುಖ ಮಾಡಿ ಕಟ್ಕೊಂಡಿದ್ಲು. ಹಿಂಗೆ, ಹಿಂಗೆ ನೋಡ್ಕೊಳ್ಳೋಳು." ಮುದುಕಿ ಅಂಗೈ ಮೇಲೆ ಮಾಡಿ ತೋರಿಸಿದರು.

ಬೈಕಿನಲ್ಲಿದ್ದ ಹೊಂಬಾಳೆಯ ಮಾತನ್ನು ದಾಕ್ಷಾಯಣಿ ಹೇಳಿದ್ದು ಲೋಕದಲ್ಲಿ ಒಬ್ಬಳಿಗೆ ಮಾತ್ರ.

"ಅವರು?" ಎಂದಳು. "ಲಕ್ಷ್ಮೀಕಾಂತ್ ಅವರು ಅವಳನ್ನ ನೋಡಿ ಏನಂದ್ರು? ಇವಳು ದಾಕ್ಷಾಯಣಿ ಅಲ್ಲ ಅನ್ಲಿಲ್ವಾ?"

"ನಾನೂ ಕೇಳ್ದೆ ಮಗ. ಇವಳೇನಪ್ಪಾ ನೀನು ಹೇಳಿದೋಳು ಅಂತ. ಏಣಿ ಇಳಿದು ಅವಳ ಮುಖ ನೋಡ್ದ. ಒಂದು ಗಳಿಗೆ ಸುಮ್ನೆ ನಿಂತಿದ್ದ." ಬಸವಲಿಂಗಮ್ಮ ದಾಕ್ಷಾಯಣಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. "ಆಮೇಲೆ, ಹೌದಮ್ಮ, ಇವರೇ ಅಂದ."

ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿತ್ತು. ಯಾರೂ ಅಲುಗಲಿಲ್ಲ.

ತನ್ನ ಮುಖ ಗೊತ್ತಿರುವವನು, ತನ್ನ ಎಡಗೈ ನೆನಪಿಟ್ಟುಕೊಂಡವನು, ಇನ್ನೊಬ್ಬಳನ್ನು ತೋರಿಸಿ ಇವರೇ ಅಂದಿದ್ದಾನೆ. ಭಯಕ್ಕೋ, ಯಾರನ್ನೋ ಕಾಯುವುದಕ್ಕೋ, ಇಲ್ಲಾ ಒಂದು ಕಾಲಕ್ಕೆ ಮದುವೆಯ ಮಾತು ನಡೆದಿದ್ದವಳ ಜೊತೆ ಹೋಗುವ ಮನಸ್ಸಿಗೋ.

ಬ್ಯಾಗಿನೊಳಗೆ ಫೋನು ಗುಂಯ್‌ಗುಟ್ಟಿತು. ಇಂಪನಾ. ಸಂಜೆಯವರೆಗೆ ಕಾಯದೆ ಅವಳೇ ಮಾಡಿದ್ದಳು.

ದಾಕ್ಷಾಯಣಿ ಅಂಗಳಕ್ಕೆ ಬಂದು ಲಾರಿಯ ಮರೆಯಲ್ಲಿ ನಿಂತು ಕಿವಿಗಿಟ್ಟುಕೊಂಡಳು.

"ಏನಾದ್ರೂ ಗೊತ್ತಾಯ್ತಾ ದಾಕ್ಷಾಯಣಿ? ಗುಬ್ಬಿಗೆ ಹೋದ್ರಾ?"

"ಬಸ್ಸಲ್ಲಿದೀನಿ ಮೇಡಂ. ಇನ್ನೂ ಹೋಗ್ತಾ ಇದೀನಿ."

"ಹೋಗೋದು ಬೇಡ, ವಾಪಸ್ ಬಂದುಬಿಡಿ." ಇಂಪನಾಳ ದನಿ ಮೆತ್ತಗಿತ್ತು, ಸಾವಿನ ಮನೆಯಲ್ಲಿ ಮಾತಾಡುವವರ ಹಾಗೆ. "ಕುಣಿಗಲ್ಲಿಂದ ಫೋನ್ ಬಂದಿತ್ತು. ಅವರು ಕೆರೆಗೆ ಬಿದ್ದಿದ್ದೇ ನಿಜ ಅಂತಾರೆ. ನಾಳೆ ಆಯೋಗದ ಮುಂದೆ ನಾನು ಅರ್ಜಿ ವಾಪಸ್ ತಗೋತಿದೀನಿ. ಅವರೇ ಇಲ್ಲದ ಮೇಲೆ ಆ ಗೆರೆಗೆ ಸಾಕ್ಷಿ ಹೇಳೋರು ಯಾರು?"

ದಾಕ್ಷಾಯಣಿ ಲಾರಿಯ ಮೂತಿಯಲ್ಲಿ ತೂಗುತ್ತಿದ್ದ ಹೊಂಬಾಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏನೋ ಹೇಳಲು ಬಾಯಿ ತೆರೆದಳು.

ಆಗ ಇಂಪನಾಳ ಉಸಿರಿನ ಹಿಂದೆ, ಅದೇ ಕೋಣೆಯಲ್ಲಿ, ಫೋನಿನ ತೀರಾ ಹತ್ತಿರದಲ್ಲೇ ಅವಳಿಗೊಂದು ಸದ್ದು ಕೇಳಿಸಿತು. ಗಾಜಿನ ಲೋಟ ಮರದ ಟೇಬಲ್ಲಿಗೆ ತಾಗಿದ ಸದ್ದು.

ಟಕ್. ಟಕ್.